ಶಾಪ್‌ಲಿಫ್ಟಿಂಗ್: ತಾನು ಕಳ್ಳನೆಂದು ಒಪ್ಪದವನ ಕಳ್ಳತನ

ಅಂಗಡಿ ತೆರೆದಿರುವ ಹೊತ್ತಿನಲ್ಲಿ ಗಿರಾಕಿಯಂತೆ ಒಳಗೆ ಬಂದು, ದುಡ್ಡು ಕೊಡದೆ ಸಾಮಾನು ಎತ್ತಿಕೊಂಡು ಹೋಗುವುದಕ್ಕೆ ಶಾಪ್‌ಲಿಫ್ಟಿಂಗ್ ಎನ್ನುತ್ತಾರೆ. ರಾತ್ರಿ ಬೀಗ ಮುರಿದು ದೋಚಿದರೆ ಅದು ಬೇರೆ. ಕೆಲಸದ ಹುಡುಗ ಗಲ್ಲಾಪೆಟ್ಟಿಗೆಗೆ ಕೈ ಹಾಕಿದರೆ ಅದೂ ಬೇರೆ. ಕನ್ನಡದಲ್ಲಿ ‘ಅಂಗಡಿ ಕಳ್ಳತನ’ ಎಂದರೆ ಈ ಮೂರೂ ಒಂದೇ ಗುಡ್ಡೆಗೆ ಬೀಳುತ್ತವೆ. ಅದಕ್ಕೇ ಇಂಗ್ಲಿಷ್ ಪದವೇ ನಮ್ಮಲ್ಲೂ ಉಳಿದುಕೊಂಡಿದೆ. ‘ಎತ್ತಂಗಡಿ’ ಎಂಬ ಮಾತು ಇದಕ್ಕೆ ಹೇಳಿ ಮಾಡಿಸಿದಂತಿತ್ತು, ಆದರೆ ಅದನ್ನು ಆಗಲೇ ಸರ್ಕಾರಿ ನೌಕರರ ವರ್ಗಾವಣೆಗೆ ಕೊಟ್ಟಾಗಿದೆ.

ಇಂಗ್ಲಿಷಿನ ‘ಲಿಫ್ಟ್’ಗೆ ಎಗರಿಸುವುದು ಎಂಬ ಅರ್ಥ 16ನೇ ಶತಮಾನದಿಂದಲೂ ಇದೆ. 17ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡ್ ಇದಕ್ಕೆಂದೇ ಕಾನೂನು ಮಾಡಿತು. ಅಂಗಡಿಯಿಂದ 5 ಶಿಲ್ಲಿಂಗ್ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸಾಮಾನು ಕದ್ದರೆ ಗಲ್ಲು. ಆದದ್ದೇ ಬೇರೆ. ಒಂದು ತುಂಡು ಬಟ್ಟೆಗೆ ಒಬ್ಬಳನ್ನು ನೇಣಿಗೆ ಹಾಕಲು ಮನಸ್ಸು ಬಾರದ ಜ್ಯೂರಿಗಳು, ಕದ್ದ ಮಾಲಿನ ಬೆಲೆಯನ್ನು ಬೇಕೆಂದೇ 5 ಶಿಲ್ಲಿಂಗ್‌ಗಿಂತ ಕೆಳಗಿಟ್ಟು ತೀರ್ಪು ಕೊಡುತ್ತಿದ್ದರು. ಸ್ಯಾಮುಯೆಲ್ ರೋಮಿಲಿ 1810ರಿಂದ ಸಂಸತ್ತಿನಲ್ಲಿ ಈ ಗಲ್ಲುಶಿಕ್ಷೆಯ ವಿರುದ್ಧ ಮತ್ತೆ ಮತ್ತೆ ಮಸೂದೆ ತಂದರು, ಸೋತರು. ಶಿಕ್ಷೆ ತೆಗೆದುಹೋದದ್ದು 1820ರ ದಶಕದಲ್ಲಿ, ಅವರು ತೀರಿಕೊಂಡ ಮೇಲೆ. ಸಣ್ಣ ಕಳ್ಳತನಕ್ಕೆ ಶಿಕ್ಷೆ ಅತಿಯಾದರೆ ಅದನ್ನು ಜಾರಿಗೆ ತರಬೇಕಾದವರೇ ಹಿಂಜರಿಯುತ್ತಾರೆ. ಸಿಕ್ಕಿಬಿದ್ದವರು ಮತ್ತೆ ಕದಿಯದಂತೆ ಇವತ್ತು ನಡೆಸುವ ತರಗತಿಗಳ ಕಥೆಯೂ ಶುರುವಾಗುವುದು ಇದೇ ಹಿಂಜರಿಕೆಯಿಂದ.

ಆ ಕಾಲದ ಅಂಗಡಿಯಲ್ಲಿ ಗಿರಾಕಿಗೂ ಮಾಲಿಗೂ ನಡುವೆ ಒಂದು ಹಲಗೆ ಇತ್ತು. ಹತ್ತು ಥಾನು ಬಟ್ಟೆ ಬಿಚ್ಚಿಸಿ ನೋಡುವ ನೆಪದಲ್ಲಿ ಒಂದನ್ನು ಸೆರಗಿನೊಳಗೆ ಸರಿಸುವುದೇ ಆಗಿನ ವಿದ್ಯೆ. ಈಗಲೂ ರೇಷ್ಮೆ ಸೀರೆ ಅಂಗಡಿಯ ಗಾದಿಯ ಮೇಲೆ, ಬಂಗಾರದ ಅಂಗಡಿಯ ಟ್ರೇ ಮುಂದೆ ನಡೆಯುವುದು ಅದೇ: ಮೂರು ನಾಲ್ಕು ಜನ ಒಟ್ಟಿಗೆ ಬಂದು, ಒಬ್ಬರು ಚೌಕಾಸಿ ಮಾಡುತ್ತಾ ಮಾರುವವನ ಕಣ್ಣು ಕಟ್ಟಿದರೆ ಇನ್ನೊಬ್ಬರ ಕೈ ಕೆಲಸ ಮುಗಿಸುತ್ತದೆ. ಹಲಗೆ ತೆಗೆದು ಹಾಕಿದವರು ಕ್ಲಾರೆನ್ಸ್ ಸಾಂಡರ್ಸ್. 1916ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಅವರು ತೆರೆದ ಪಿಗ್ಲಿ ವಿಗ್ಲಿ ಅಂಗಡಿಯಲ್ಲಿ ಗಿರಾಕಿಯೇ ಬುಟ್ಟಿ ಹಿಡಿದು ಸಾಮಾನು ಆರಿಸಿಕೊಂಡು ಕೊನೆಯಲ್ಲಿ ಬಿಲ್ ಮಾಡಿಸಬೇಕಿತ್ತು. ವ್ಯಾಪಾರ ಹೆಚ್ಚಿತು. ಕೈಗೆ ಸಿಗುವಂತೆ ಇಟ್ಟದ್ದು ಕೈಗೆ ಸಿಕ್ಕಿತು ಕೂಡ. ಪರಿಣತಿ ಬೇಕಿದ್ದ ಕಳ್ಳತನ ಯಾರು ಬೇಕಾದರೂ ಮಾಡಬಹುದಾದ ಕೆಲಸವಾಯಿತು.

ಯಾರು ಮಾಡುತ್ತಾರೆ ಎಂಬ ಪ್ರಶ್ನೆಗೆ ಇನ್ನೂ ಉಪಯೋಗಕ್ಕೆ ಬರುವ ಉತ್ತರವನ್ನು 1964ರಲ್ಲೇ ಕೊಟ್ಟವರು ಸಮಾಜಶಾಸ್ತ್ರಜ್ಞೆ ಮೇರಿ ಓವೆನ್ ಕ್ಯಾಮರಾನ್. ಶಿಕಾಗೋದ ದೊಡ್ಡ ಅಂಗಡಿಯೊಂದರ ದಾಖಲೆ ಹಿಡಿದು ಅವರು ಎರಡು ಗುಂಪು ಕಂಡರು. ಮಾರಿ ಹಣ ಮಾಡಲು ಕದಿಯುವ ಕಸುಬಿನವರು ಒಂದು, ತಮಗೇ ಬೇಕೆಂದು ಎತ್ತಿಕೊಳ್ಳುವ ಸಾಮಾನ್ಯರು ಇನ್ನೊಂದು. ಎರಡನೆಯವರೇ ಹೆಚ್ಚು. ಸಿಕ್ಕಿಬಿದ್ದಾಗ ಅವರು ನಿಜಕ್ಕೂ ಬೆಚ್ಚಿಬೀಳುತ್ತಾರೆ, ಏಕೆಂದರೆ ಆ ಕ್ಷಣದವರೆಗೆ ‘ಕಳ್ಳ’ ಎಂಬ ಪದವನ್ನು ತಮಗೆ ಅವರು ಹಚ್ಚಿಕೊಂಡೇ ಇರುವುದಿಲ್ಲ. ತರಗತಿ ನಡೆಸುವುದು ಈ ಗುಂಪಿಗೆ. ಕಸುಬಿನವರನ್ನು ಕೂರಿಸಿ ಪಾಠ ಹೇಳಿದರೆ ಸಮಯ ದಂಡ.

ಮೂರನೆಯದೊಂದು ಚಿಕ್ಕ ಗುಂಪಿದೆ: ಕ್ಲೆಪ್ಟೋಮೇನಿಯಾ ಇರುವವರು. ಇವರಿಗೆ ಸಾಮಾನೂ ಬೇಡ, ಅದರ ದುಡ್ಡೂ ಬೇಡ. ಕದಿಯುವ ಮುಂಚೆ ಒತ್ತಡ ಏರುತ್ತಾ ಹೋಗುತ್ತದೆ, ಕದ್ದಾಗ ಬಿಡುಗಡೆ, ಆಮೇಲೆ ನಾಚಿಕೆ. ಸಿಟ್ಟು ಅಥವಾ ಸೇಡಿನಿಂದ ಕದ್ದರೆ ಇದಲ್ಲ. ಮನೋವೈದ್ಯರ ಕೈಪಿಡಿ ಡಿಎಸ್ಎಂ-5ರ ಪ್ರಕಾರ ಸಾಮಾನ್ಯ ಜನರಲ್ಲಿ ಇದು ಶೇ. 0.3ರಿಂದ 0.6ರಷ್ಟು ಮಾತ್ರ, ಶಾಪ್‌ಲಿಫ್ಟಿಂಗ್‌ನಲ್ಲಿ ಬಂಧನಕ್ಕೊಳಗಾದವರಲ್ಲಿ ಶೇ. 4ರಿಂದ 24. ಅಂದರೆ ಸಿಕ್ಕಿಬಿದ್ದವರೆಲ್ಲ ‘ಅದೊಂದು ಕಾಯಿಲೆ ಸ್ವಾಮಿ’ ಎಂದರೆ ನಂಬಬೇಕಿಲ್ಲ, ಹಾಗೆಂದು ಯಾರಿಗೂ ಕಾಯಿಲೆ ಇಲ್ಲವೆಂದೂ ಅಲ್ಲ. ಅರವತ್ತು ದಾಟಿದ ಮರ್ಯಾದಸ್ಥರು ಇದ್ದಕ್ಕಿದ್ದಂತೆ ಇಂಥ ಕೆಲಸ ಮಾಡತೊಡಗಿದರೆ ಮೊದಲು ನರರೋಗ ತಜ್ಞರ ಹತ್ತಿರ ಕರೆದೊಯ್ಯಬೇಕು. ಮೆದುಳಿನ ಮುಂಭಾಗ ಸವೆಯುವ ಒಂದು ಬಗೆಯ ಡಿಮೆನ್ಷಿಯಾದಲ್ಲಿ ನೆನಪು ಕೆಡುವ ಮೊದಲೇ ನಡತೆ ಕೆಡುತ್ತದೆ.

ತರಗತಿಯಲ್ಲಿ ಏನು ಕಲಿಸುತ್ತಾರೆ

‘ಕದಿಯುವುದು ತಪ್ಪು’ ಎಂದಲ್ಲ. ಅದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಕೈ ಹೋಗುವುದಕ್ಕೆ ನಡುವೆ ಒಂದು ಸಮಜಾಯಿಷಿ ಇರುತ್ತದೆ. ಅದನ್ನು ಹಿಡಿದು ತೋರಿಸುವುದೇ ತರಗತಿಯ ಮುಖ್ಯ ಕೆಲಸ. ಗ್ರೆಶಮ್ ಸೈಕ್ಸ್ ಮತ್ತು ಡೇವಿಡ್ ಮಾಟ್ಜಾ ಎಂಬ ಅಪರಾಧಶಾಸ್ತ್ರಜ್ಞರು 1957ರಲ್ಲಿ ಇಂಥ ಐದು ಸಮಜಾಯಿಷಿಗಳನ್ನು ಗುರುತಿಸಿದರು. ನಮ್ಮ ಮಾತಿಗೆ ಇಳಿಸಿದರೆ ಅವು ಹೀಗಿರುತ್ತವೆ: ‘ನನ್ನ ಕೈಲಿ ಏನಿತ್ತು, ಪರಿಸ್ಥಿತಿ ಹಾಗಿತ್ತು’. ‘ಒಂದು ಲಿಪ್‌ಸ್ಟಿಕ್ ಹೋದರೆ ಮಾಲ್ ಮುಳುಗುತ್ತಾ?’ ‘ಅವರೇ ಎಂಆರ್‌ಪಿ ಏರಿಸಿ ನಮ್ಮನ್ನು ಸುಲೀತಾರೆ’. ‘ಹೇಳೋರು ಯಾರು ಸಾಚಾ?’ ಕೊನೆಯದು ಹುಡುಗರಲ್ಲಿ ಹೆಚ್ಚು: ‘ಗೆಳೆಯರು ಸವಾಲು ಹಾಕಿದ್ರು, ಹಿಂದೆ ಸರಿಯೋಕಾಗುತ್ತಾ?’

ಎರಡನೆಯ ಸಮಜಾಯಿಷಿಗೆ ಉಪದೇಶಕ್ಕಿಂತ ಲೆಕ್ಕ ಒಳ್ಳೆಯ ಮದ್ದು. ಅಂಗಡಿಗೆ 80 ರೂಪಾಯಿಗೆ ಬಿದ್ದ ಚಾಕಲೇಟು 100ಕ್ಕೆ ಮಾರಾಟವಾಗುತ್ತದೆ. ಬಾಡಿಗೆ, ಕರೆಂಟು, ಸಂಬಳ ಎಲ್ಲ ಕಳೆದು ನೂರು ರೂಪಾಯಿ ವ್ಯಾಪಾರಕ್ಕೆ 4 ರೂಪಾಯಿ ಉಳಿಯುತ್ತದೆ ಎಂದಿಟ್ಟುಕೊಳ್ಳಿ. ಒಂದು ಚಾಕಲೇಟು ಹೋದರೆ ಆ 80 ತುಂಬಿಕೊಳ್ಳಲು 2,000 ರೂಪಾಯಿ ವ್ಯಾಪಾರ ಆಗಬೇಕು. ಇನ್ನೂ ಇಪ್ಪತ್ತು ಚಾಕಲೇಟು ಮಾರಿದ ಮೇಲೆ ಅಂಗಡಿಯವರು ಮೊದಲಿದ್ದ ಜಾಗಕ್ಕೆ ಬರುತ್ತಾರೆ. ಇದನ್ನು ಬೋರ್ಡಿನ ಮೇಲೆ ಶಿಕ್ಷಕರು ಬಿಡಿಸಬಾರದು, ಕಲಿಯುವವರೇ ತಾವು ಎತ್ತಿಕೊಂಡ ವಸ್ತುವಿನ ಬೆಲೆ ಹಾಕಿ ಮಾಡಬೇಕು.

ಇನ್ನೊಂದು ಅಭ್ಯಾಸಕ್ಕೆ ಹೆಚ್ಚು ಹೊತ್ತು ಕೊಡಬೇಕು. ಕದ್ದ ದಿನವನ್ನು ಕೊನೆಯಿಂದ ಮೊದಲಿಗೆ ಬರೆಸುವುದು. ಸಿಕ್ಕಿಬಿದ್ದದ್ದು, ಬ್ಯಾಗಿಗೆ ಹಾಕಿದ್ದು, ಕೈಗೆತ್ತಿಕೊಂಡದ್ದು, ಆ ಸಾಲಿಗೆ ಹೋದದ್ದು, ಅಂಗಡಿ ಹೊಕ್ಕದ್ದು, ಅದಕ್ಕೂ ಮುಂಚಿನ ಒಂದು ಗಂಟೆ. ಬಹುಮಟ್ಟಿಗೆ ಎಳೆ ಸಿಗುವುದು ಆ ಒಂದು ಗಂಟೆಯಲ್ಲೇ. ಮನೆಯಲ್ಲಿ ಜಗಳ, ಪರೀಕ್ಷೆಯ ಫಲಿತಾಂಶ, ಜೊತೆಗಿದ್ದ ಗೆಳತಿ, ‘ನಾನೂ ಏನಾದರೂ ಪಡೆಯಬೇಕು’ ಎಂಬ ಭಾವ. ಎಳೆ ಸಿಕ್ಕ ಮೇಲೆ ಮುಂದಿನ ಸಲಕ್ಕೆ ಕಟ್ಟುಪಾಡು ಅವರೇ ಹಾಕಿಕೊಳ್ಳುತ್ತಾರೆ: ಪಟ್ಟಿ ಬರೆದುಕೊಂಡೇ ಹೋಗುವುದು, ದೊಡ್ಡ ಬ್ಯಾಗು ಕೌಂಟರಿನಲ್ಲಿ ಬಿಡುವುದು, ಮನಸ್ಸು ಕೆಟ್ಟಿರುವ ದಿನ ಅಂಗಡಿಗೆ ಹೋಗದಿರುವುದು, ಆ ಗುಂಪಿನೊಂದಿಗಂತೂ ಹೋಗದಿರುವುದು.

ಅಮೆರಿಕದಲ್ಲಿ ನ್ಯಾಯಾಲಯಗಳು ಹೇಳುವ ಇಂಥ ಕೋರ್ಸುಗಳು ಸಾಮಾನ್ಯವಾಗಿ 4, 8, ಇಲ್ಲವೇ 12 ಗಂಟೆಗಳವು. ಹೊಸದಾಗಿ ಶುರು ಮಾಡುವವರಿಗೆ ನಮ್ಮ ಸಲಹೆ: ಎರಡೆರಡು ಗಂಟೆಯ ನಾಲ್ಕು ಬೈಠಕ್, ನಡುವೆ ಒಂದೊಂದು ವಾರ ಬಿಡುವು, ಗುಂಪಿನಲ್ಲಿ ಹತ್ತು ಹನ್ನೆರಡು ಜನಕ್ಕಿಂತ ಹೆಚ್ಚು ಬೇಡ. ಮೊದಲ ಬೈಠಕ್‌ಗೆ ಮುಂಚೆ ಒಬ್ಬೊಬ್ಬರನ್ನೇ ಅರ್ಧ ಗಂಟೆ ಮಾತನಾಡಿಸಿ ಜರಡಿ ಹಿಡಿಯಬೇಕು. ಕ್ಲೆಪ್ಟೋಮೇನಿಯಾ, ಖಿನ್ನತೆ, ಕುಡಿತ ಕಂಡರೆ ತರಗತಿಯಲ್ಲ, ಆಸ್ಪತ್ರೆ. ಕರ್ನಾಟಕದಲ್ಲಾದರೆ ನಿಮ್ಹಾನ್ಸ್ ಇದೆ. ಎಲ್ಲಿಂದಲಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು. ಆಹಾರ, ಮಗುವಿನ ಹಾಲಿನ ಪುಡಿ ಕದ್ದವರಿಗೆ ಬೇಕಾದದ್ದು ರೇಷನ್ ಕಾರ್ಡು, ಪಾಠವಲ್ಲ.

ಎಲ್ಲಿ ಕೆಡುತ್ತದೆ? ಮೊದಲನೆಯದು ಹೆದರಿಸುವುದು. ಹುಡುಗರನ್ನು ಜೈಲಿಗೆ ಕರೆದೊಯ್ದು ಕೈದಿಗಳಿಂದ ಬೈಸಿ ‘ಬುದ್ಧಿ ಕಲಿಸುವ’ ಕಾರ್ಯಕ್ರಮಗಳು ಅಮೆರಿಕದಲ್ಲಿ ಬಹಳ ಹೆಸರು ಮಾಡಿದ್ದವು. ಆಂಥೊನಿ ಪೆಟ್ರೊಸಿನೊ ಮತ್ತು ಜೊತೆಗಾರರು ಅವುಗಳ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದಾಗ, ಏನೂ ಮಾಡದೆ ಬಿಟ್ಟ ಹುಡುಗರಿಗಿಂತ ಹೋಗಿ ಬಂದವರೇ ಹೆಚ್ಚು ತಪ್ಪು ಮಾಡಿದ್ದು ಕಂಡಿತು. ಎರಡನೆಯದು ಎಲ್ಲರೆದುರು ತಪ್ಪೊಪ್ಪಿಗೆ ಹೇಳಿಸುವುದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ನಂಬಿದ ಊರಿನಲ್ಲಿ ಮಾನ ಹೋದ ಮೇಲೆ ಉಳಿಸಿಕೊಳ್ಳಲು ಏನೂ ಇರುವುದಿಲ್ಲ, ಸಮಜಾಯಿಷಿ ಮಾತ್ರ ಗಟ್ಟಿಯಾಗುತ್ತದೆ. ಮೂರನೆಯದು, ಗುಂಡಿ ಒತ್ತುತ್ತಾ ಹೋಗಿ ಪ್ರಮಾಣಪತ್ರ ಇಳಿಸಿಕೊಳ್ಳುವ ಆನ್‌ಲೈನ್ ಕೋರ್ಸು. ಬರೆಯುವ ಕೆಲಸವಿಲ್ಲದ, ಮಾತನಾಡಿಸುವವರಿಲ್ಲದ ಕೋರ್ಸಿಗೆ ದುಡ್ಡು ಕೊಡುವ ಮುಂಚೆ ನ್ಯಾಯಾಲಯ ಅದನ್ನು ಒಪ್ಪುತ್ತದೆಯೇ ಎಂದು ಕೇಳಿಕೊಳ್ಳಬೇಕು.

ನಾಲ್ಕನೆಯದು ಇವಕ್ಕಿಂತ ಕೆಟ್ಟದ್ದು. ಕರೆಕ್ಟಿವ್ ಎಜುಕೇಶನ್ ಕಂಪನಿ ಎಂಬ ಅಮೆರಿಕದ ಖಾಸಗಿ ಸಂಸ್ಥೆ ವಾಲ್‌ಮಾರ್ಟ್‌ನಂಥ ಅಂಗಡಿಗಳ ಜೊತೆ ಒಪ್ಪಂದ ಮಾಡಿಕೊಂಡಿತ್ತು. ಸಿಕ್ಕಿಬಿದ್ದವರನ್ನು ಕೋಣೆಯಲ್ಲಿ ಕೂರಿಸಿ, 400 ಡಾಲರ್ ಕೊಟ್ಟು ನಮ್ಮ ಕೋರ್ಸು ಮಾಡುತ್ತೀರೋ ಅಥವಾ ಪೊಲೀಸರ ದಾರಿ ಹಿಡಿಯುತ್ತೀರೋ ಎಂದು ಕೇಳುತ್ತಿದ್ದರು; ಕಂತಿನಲ್ಲಾದರೆ 500. ಸ್ಯಾನ್ ಫ್ರಾನ್ಸಿಸ್ಕೋ ನಗರದ ಅಟಾರ್ನಿ ಡೆನಿಸ್ ಹೆರೆರಾ 2015ರಲ್ಲಿ ಮೊಕದ್ದಮೆ ಹೂಡಿದರು. 2017ರಲ್ಲಿ ನ್ಯಾಯಾಲಯ ಇದು ಕ್ಯಾಲಿಫೋರ್ನಿಯಾ ಕಾನೂನಿನ ಪ್ರಕಾರ ಸುಲಿಗೆಯೇ ಎಂದಿತು. ಅದೇ ವರ್ಷದ ಕೊನೆಗೆ ವಾಲ್‌ಮಾರ್ಟ್ ಈ ಬಗೆಯ ಕಾರ್ಯಕ್ರಮ ನಿಲ್ಲಿಸಿತು. ಪಾಠ ಒಳ್ಳೆಯದೇ ಇದ್ದಿರಬಹುದು. ಆದರೆ ತಪ್ಪು ಮಾಡಿದ್ದಾರೋ ಇಲ್ಲವೋ ತೀರ್ಮಾನವಾಗುವ ಮುಂಚೆಯೇ, ಹೆದರಿಕೆ ತೋರಿಸಿ ಶುಲ್ಕ ಕೀಳುವುದಕ್ಕೆ ಶಿಕ್ಷಣ ಎಂಬ ಹೆಸರು ಒಪ್ಪುವುದಿಲ್ಲ.

ನಮ್ಮ ಕಾನೂನಿನಲ್ಲಿ

ಭಾರತದಲ್ಲಿ ಶಾಪ್‌ಲಿಫ್ಟಿಂಗ್ ಎಂಬ ಪ್ರತ್ಯೇಕ ಅಪರಾಧವಿಲ್ಲ, ಕಳ್ಳತನವಷ್ಟೇ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ ಇದಕ್ಕೆ 3 ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ ಎನ್ನುತ್ತದೆ. ಅದರಲ್ಲೇ ಹೊಸದೊಂದು ಕಿಟಕಿ ತೆರೆದಿದೆ: ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಸಲ ಶಿಕ್ಷೆಗೆ ಗುರಿಯಾದವರು ಮಾಲನ್ನೋ ಅದರ ಬೆಲೆಯನ್ನೋ ಹಿಂತಿರುಗಿಸಿದರೆ ಶಿಕ್ಷೆ ಸಮುದಾಯ ಸೇವೆ. ಒಂದು ತೊಡಕಿದೆ. ಸ್ವತ್ತು ಇಡಲು ಬಳಸುವ ಕಟ್ಟಡದಲ್ಲಿ ಕಳ್ಳತನ ಎಂದು 305ನೇ ಕಲಂ ಹಾಕಿದರೆ ಶಿಕ್ಷೆ 7 ವರ್ಷದವರೆಗೆ ಏರುತ್ತದೆ, ಅಲ್ಲಿ 5,000ದ ರಿಯಾಯಿತಿ ಬರೆದಿಲ್ಲ. ಹಾಗಾಗಿ ದೂರಿನಲ್ಲಿ ಯಾವ ಕಲಂ ಇದೆ ಎಂದು ಮೊದಲು ನೋಡಬೇಕು. 18 ತುಂಬದ ಮಕ್ಕಳ ವಿಷಯ ಬೇರೆಯೇ. 2015ರ ಬಾಲನ್ಯಾಯ ಕಾಯ್ದೆಯ 18ನೇ ಕಲಂ ಪ್ರಕಾರ ಬಾಲನ್ಯಾಯ ಮಂಡಳಿಯು ಬುದ್ಧಿ ಹೇಳಿ ಮನೆಗೆ ಕಳಿಸಬಹುದು, ಗುಂಪು ಸಮಾಲೋಚನೆಗೆ ಹಾಜರಾಗಲು ಹೇಳಬಹುದು. ತರಗತಿಗೆ ನಮ್ಮಲ್ಲಿ ಇರುವ ಸರಿಯಾದ ಬಾಗಿಲು ಇದೇ.

ಕಳ್ಳತನವಾಗಲು ಅಂಗಡಿಯಿಂದ ಹೊರಗೆ ಹೋಗಲೇಬೇಕೆಂದಿಲ್ಲ. ಕೆಟ್ಟ ಉದ್ದೇಶದಿಂದ ವಸ್ತುವನ್ನು ಸರಿಸಿದರೂ ಸಾಕು. ಆದರೂ ಅನುಭವಸ್ಥ ಅಂಗಡಿಯವರು ಬಿಲ್ಲಿಂಗ್ ಕೌಂಟರ್ ದಾಟುವವರೆಗೆ ಕಾಯುತ್ತಾರೆ. ಅಲ್ಲಿಯವರೆಗೆ ‘ಕೊಡೋಣ ಅಂತಿದ್ದೆ’ ಎನ್ನುವ ಮಾತಿಗೆ ಎದುರುತ್ತರವಿಲ್ಲ. ನಿಜವಾಗಿ ಮರೆತವರೂ ಇರುತ್ತಾರೆ, ಉದ್ದೇಶವಿಲ್ಲದಿದ್ದರೆ ಅದು ಕಳ್ಳತನವೇ ಅಲ್ಲ. ಸಾಮಾನಿನ ಹತ್ತಿರ ಬಂದದ್ದು, ತೆಗೆದದ್ದು, ಬಚ್ಚಿಟ್ಟದ್ದು, ಕೊಡದೆ ದಾಟಿದ್ದು ಎಲ್ಲವನ್ನೂ ಕಣ್ಣು ತಪ್ಪದೆ ನೋಡಿರಬೇಕು. ನಡುವೆ ಕಣ್ಣು ತಪ್ಪಿದ್ದರೆ ಬಿಟ್ಟುಬಿಡುವುದೇ ಮೇಲು, ಆ ಸಾಮಾನನ್ನು ಅವರು ಇನ್ನೊಂದು ಸಾಲಿನಲ್ಲಿ ಇಟ್ಟುಬಂದಿರಬಹುದು. ಬಾಗಿಲಲ್ಲಿ ಟ್ಯಾಗ್ ಗುರುತಿಸುವ ಗೇಟು ಕೂಗಿತೆಂದ ಮಾತ್ರಕ್ಕೂ ಕಳ್ಳತನವಾಗುವುದಿಲ್ಲ. ಎಷ್ಟೋ ಸಲ ಕ್ಯಾಷಿಯರ್ ಟ್ಯಾಗ್ ತೆಗೆಯಲು ಮರೆತಿರುತ್ತಾರೆ.

ಕಾವಲುಗಾರನಿಗೆ ಮೈ ತಡಕುವ ಅಧಿಕಾರವಿಲ್ಲ. ಖಾಸಗಿಯವರು ಹಿಡಿದಿಟ್ಟುಕೊಳ್ಳಬಹುದಾದದ್ದು ಕಣ್ಣೆದುರೇ ನಡೆದ, ಜಾಮೀನುರಹಿತ ಮತ್ತು ಸಂಜ್ಞೇಯ (ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ) ಅಪರಾಧದಲ್ಲಿ ಮಾತ್ರ. ಹಿಡಿದ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು ಎನ್ನುತ್ತದೆ ಬಂಧನ, ವಿಚಾರಣೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ. 303ರಡಿ 5,000ಕ್ಕಿಂತ ಕಡಿಮೆಯ ಕಳ್ಳತನ ಅಸಂಜ್ಞೇಯ, ಜಾಮೀನು ಸಿಗುವಂಥದ್ದು. ಅಂದರೆ ಶ್ಯಾಂಪೂ ಬಾಟಲಿಗಾಗಿ ಹುಡುಗಿಯೊಬ್ಬಳನ್ನು ಸ್ಟೋರ್ ರೂಮಿನಲ್ಲಿ ಕೂಡಿಹಾಕಿದ ಮ್ಯಾನೇಜರೇ ಅಕ್ರಮ ಬಂಧನದ ಆರೋಪಿಯಾಗಬಹುದು. ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದರೆ ಮಾನನಷ್ಟದ ದಾವೆಯೂ ಬೆನ್ನಿಗೆ ಬರಬಹುದು.

ಅಮೆರಿಕದಲ್ಲಿ ಓದುತ್ತಿರುವ, ಕೆಲಸ ಮಾಡುತ್ತಿರುವ ಕನ್ನಡಿಗರು ಒಂದು ವಿಷಯ ತಿಳಿದಿರಲೇಬೇಕು. ಕಳ್ಳತನ, ಹಲ್ಲೆಯಂಥ ಅಪರಾಧಕ್ಕೆ ವೀಸಾ ರದ್ದಾಗಬಹುದು ಎಂದು ಭಾರತದಲ್ಲಿರುವ ಅಮೆರಿಕದ ರಾಯಭಾರ ಕಚೇರಿ 2025ರ ಜುಲೈನಲ್ಲಿ ಎಚ್ಚರಿಸಿತ್ತು. ಅಲ್ಲಿ ನ್ಯಾಯಾಲಯ ತರಗತಿಗೆ ಕಳಿಸುವ ದಾರಿ ಎರಡು. ತಪ್ಪೊಪ್ಪಿಕೊಳ್ಳುವ ಮುಂಚೆಯೇ ಕಳಿಸಿ, ಮುಗಿಸಿದ ಮೇಲೆ ಪ್ರಕರಣ ಕೈಬಿಡುವುದು ಒಂದು. ಮೊದಲು ತಪ್ಪೊಪ್ಪಿಗೆ ಬರೆಸಿಕೊಂಡು, ತರಗತಿ ಮುಗಿದ ಮೇಲೆ ವಜಾ ಮಾಡುವುದು ಇನ್ನೊಂದು. ಸ್ಥಳೀಯ ದಾಖಲೆಯಲ್ಲಿ ಎರಡೂ ಕೊನೆಗೆ ವಜಾ ಎಂದೇ ಕಾಣುತ್ತವೆ. ಆದರೆ ವಲಸೆ ಕಾನೂನಿನ ಕಣ್ಣಿಗೆ ಹಾಗಲ್ಲ: ತಪ್ಪೊಪ್ಪಿಗೆ ಇದ್ದು, ನ್ಯಾಯಾಧೀಶರು ಯಾವುದೇ ಬಗೆಯ ದಂಡನೆ ಅಥವಾ ನಿರ್ಬಂಧ ಹಾಕಿದ್ದರೆ, ಆಮೇಲೆ ವಜಾ ಆದರೂ ಅದು ಶಿಕ್ಷೆಯಾದಂತೆಯೇ ಲೆಕ್ಕ. ‘ಒಂದು ಕ್ಲಾಸು ಮುಗಿಸಿದರೆ ಆಯ್ತು’ ಎಂದು ಯಾರಾದರೂ ಹೇಳಿದರೆ ಸಹಿ ಹಾಕುವ ಮುಂಚೆ ವಲಸೆ ಕಾನೂನು ಬಲ್ಲ ವಕೀಲರಿಗೆ ಕಾಗದ ತೋರಿಸಿ, ಇದು ಯಾವ ದಾರಿ ಎಂದು ಕೇಳಬೇಕು. ಗ್ರೀನ್ ಕಾರ್ಡಿನವರೂ ಅಷ್ಟೇ.