ಮಾಡೆಲ್ ರಾಕೆಟ್ ಮೋಟಾರ್: ಉದ್ದವೇ ಸಮಯ

ಕುಂಬಳೆ ಜಾತ್ರೆಯ ಬೆಡಿ (ಸಿಡಿಮದ್ದು) ನೋಡಿದವರಿಗೆ ಈ ಪಾಠ ಅರ್ಧ ಗೊತ್ತೇ ಇರುತ್ತದೆ. ಕೊಳವೆಯೊಳಗಿನ ಗುಂಡು ಒಂದೇ ಒದೆತಕ್ಕೆ ಮೇಲೆ ಹೋಗುತ್ತದೆ. ಕೊಳವೆಯ ಬಾಯಿ ದಾಟಿದ ಮೇಲೆ ಅದನ್ನು ತಳ್ಳಲು ಏನೂ ಇಲ್ಲ. ರಾಕೆಟ್ ಹಾಗಲ್ಲ. ತನ್ನ ಮದ್ದನ್ನು ತಾನೇ ಹೊತ್ತುಕೊಂಡು, ದಾರಿಯಲ್ಲೂ ಅದನ್ನು ಉರಿಸುತ್ತಾ ಹೋಗುತ್ತದೆ.

ಹವ್ಯಾಸಕ್ಕೆ ಹಾರಿಸುವ ಪುಟ್ಟ ಮಾಡೆಲ್ ರಾಕೆಟ್ಟನ್ನು ತಳ್ಳುವ ಮದ್ದಿನ ಕೊಳವೆಗೇ ಮೋಟಾರ್ ಅನ್ನುವುದು. ಸಾಮಾನ್ಯವಾಗಿ ಸಿಗುವ ಮೋಟಾರ್ 18 ಮಿಲಿಮೀಟರ್ ದಪ್ಪ, 70 ಮಿಲಿಮೀಟರ್ ಉದ್ದದ ಗಟ್ಟಿ ಕಾಗದದ ಕೊಳವೆ. ನಮ್ಮ ಹೆಬ್ಬೆರಳಿನ ಗಾತ್ರ ಅಷ್ಟೇ. ಹೈದರ್, ಟಿಪ್ಪು ಕಾಲದ ಮೈಸೂರು ರಾಕೆಟ್‌ಗಳಿಗೆ ಕಬ್ಬಿಣದ ಕೊಳವೆ ಇತ್ತು. ಜಾಸ್ತಿ ಒತ್ತಡ ತಡೆಯುತ್ತಿದ್ದುದರಿಂದಲೇ ಅವು ದೂರ ಹೋಗುತ್ತಿದ್ದವು. ಮಾಡೆಲ್ ರಾಕೆಟ್‌ಗೆ ಬೇಕೆಂದೇ ಕಾಗದ ಬಳಸುತ್ತಾರೆ. ಒಂದು ವೇಳೆ ಒಡೆದರೂ ಕಬ್ಬಿಣದ ಚೂರು ಹಾರಬಾರದು, ಅಲ್ವಾ?

ಕೊಳವೆಯನ್ನು ಉದ್ದಕ್ಕೆ ಸೀಳಿದ ಚಿತ್ರ ಬಿಡಿಸಿಕೊಳ್ಳಿ. ಕೆಳಗೆ ಜೇಡಿಮಣ್ಣಿನ ನಾಝಲ್, ಅಂದರೆ ಅನಿಲ ಹೊರಬೀಳುವ ಬಾಯಿ, ನಡುವೆ ಸಣ್ಣ ತೂತು. ಅದರ ಮೇಲೆ ಒತ್ತಿ ಗಟ್ಟಿ ಮಾಡಿದ ಕಪ್ಪು ಮದ್ದು. ಅದರ ಮೇಲೆ ನಿಧಾನವಾಗಿ ಉರಿಯುವ ಇನ್ನೊಂದು ಮದ್ದು. ಎಲ್ಲಕ್ಕಿಂತ ಮೇಲೆ ಪ್ಯಾರಾಶೂಟನ್ನು ಹೊರಗೆ ತಳ್ಳುವ ಚೂರು ಮದ್ದು, ಅದರ ಮೇಲೊಂದು ತೆಳು ಮುಚ್ಚಳ. ಬೆಂಕಿ ಕೆಳಗಿನಿಂದ ಮೇಲಕ್ಕೆ ಊದುಬತ್ತಿಯ ಹಾಗೆ ಏರುತ್ತದೆ. ಊದುಬತ್ತಿ ಎಷ್ಟು ಉದ್ದವೋ ಅಷ್ಟು ಹೊತ್ತು. ಇಲ್ಲೂ ಅದೇ ಲೆಕ್ಕ: ಯಾವುದು ಯಾವಾಗ ಆಗಬೇಕೋ ಅದನ್ನು ಅಷ್ಟು ಎತ್ತರದಲ್ಲಿ ಇಟ್ಟಿದ್ದಾರೆ. ಗಡಿಯಾರ ಬೇಡ, ಬ್ಯಾಟರಿ ಬೇಡ. ನನಗೆ ಈ ಮೋಟಾರ್ ಮೇಲೆ ಪ್ರೀತಿ ಹುಟ್ಟಿದ್ದೇ ಇಲ್ಲಿ.

ಹಾಗಾದರೆ ಅಷ್ಟೂ ಮದ್ದು ಒಟ್ಟಿಗೆ ಯಾಕೆ ಸಿಡಿಯುವುದಿಲ್ಲ? ಉತ್ತರ ‘ಒತ್ತಿ ಗಟ್ಟಿ ಮಾಡಿದ’ ಎಂಬ ಮಾತಿನಲ್ಲಿದೆ. ಮದ್ದು ಮೇಲ್ಮೈಯಲ್ಲಿ ಮಾತ್ರ ಉರಿಯುತ್ತದೆ. ಪುಡಿಯಾಗಿದ್ದರೆ ಕಣಗಳ ಸಂದಿನಲ್ಲಿ ಬಿಸಿ ಅನಿಲ ನುಗ್ಗುತ್ತದೆ, ಎಲ್ಲ ಕಣಗಳಿಗೂ ಕ್ಷಣದಲ್ಲಿ ಬೆಂಕಿ ಹಿಡಿಯುತ್ತದೆ. 2024ರ ಅಕ್ಟೋಬರಿನಲ್ಲಿ ನಮ್ಮ ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ ಕಳಿಯಾಟದ (ತೆಯ್ಯಂ ಉತ್ಸವದ) ರಾತ್ರಿ ಪಟಾಕಿ ದಾಸ್ತಾನಿಗೆ ಕಿಡಿ ಬಿದ್ದು 150ಕ್ಕೂ ಜಾಸ್ತಿ ಜನ ಗಾಯಗೊಂಡರು, ಕೆಲವರು ತೀರಿಕೊಂಡರು. ಆದ್ದರಿಂದ ಇದನ್ನು ಓದಿ ಯಾರೂ ಮನೆಯಲ್ಲಿ ಮದ್ದು ಅರೆಯಲು ಹೋಗಬೇಡಿ. ತಯಾರಾಗಿ ಬಂದ ಮೋಟಾರನ್ನೂ ಏಪ್ರಿಲ್ ಬಿಸಿಲಿನಲ್ಲಿ ಕಾರಿನೊಳಗೆ ಬಿಡಬಾರದು. ಕಾದು ತಣಿದು ಮದ್ದಿನಲ್ಲಿ ಬಿರುಕು ಬಿಟ್ಟರೆ ಉರಿಯುವ ಮೇಲ್ಮೈ ಹೆಚ್ಚುತ್ತದೆ, ಒತ್ತಡ ಏರಿ ಕೊಳವೆ ಒಡೆಯುತ್ತದೆ.

ಈಗ ನೂಕುಬಲ. ಅನಿಲ ಹಿಂದಿನ ಗಾಳಿಯನ್ನು ಒದ್ದು ರಾಕೆಟ್ ಮೇಲೇಳುತ್ತದೆ ಅಂತ ತುಂಬ ಜನ ಅಂದುಕೊಂಡಿರುತ್ತಾರೆ. ತಪ್ಪು. ಹಾಗಿದ್ದರೆ ಗಾಳಿಯೇ ಇಲ್ಲದ ಆಕಾಶದಲ್ಲಿ ಯಾವ ರಾಕೆಟ್ಟೂ ಓಡುತ್ತಿರಲಿಲ್ಲ. ಕೊಳವೆಯೊಳಗಿನ ಅನಿಲ ಎಲ್ಲ ಕಡೆಗೂ ಒತ್ತುತ್ತದೆ. ಎಡದ ಒತ್ತಡಕ್ಕೆ ಬಲದ್ದು ಸರಿಸಮ. ಆದರೆ ಮೇಲಿನ ಒತ್ತಡಕ್ಕೆ ಎದುರಾಗಿ ಕೆಳಗೆ ತೂತಿದೆ. ಸಮವಾಗದೆ ಉಳಿದದ್ದೇ ರಾಕೆಟನ್ನು ಮೇಲೆ ತಳ್ಳುತ್ತದೆ. ನಾಝಲ್ ಕೆಲಸ ತಿಳಿಯಲು ಅಡಿಕೆ ತೋಟದಲ್ಲಿ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ನೋಡಿ. ನೀರು ರಭಸವಾಗಿ ಚಿಮ್ಮುತ್ತದೆ, ಪೈಪ್ ಕೈಯಲ್ಲೇ ಹಿಂದಕ್ಕೆ ಜಗ್ಗುತ್ತದೆ.

ಮೋಟಾರ್ ಮೇಲೆ ‘ಸಿ6-5’ ಅಂತ ಬರೆದಿರುತ್ತದೆ. ‘ಸಿ’ ಒಟ್ಟು ತಳ್ಳುವಿಕೆಯ (ಬಲವನ್ನು ಸಮಯದಿಂದ ಗುಣಿಸಿದ್ದು) ವರ್ಗ. ‘ಎ’ 2.5 ನ್ಯೂಟನ್-ಸೆಕೆಂಡ್ ತನಕ, ‘ಬಿ’ 5 ತನಕ, ‘ಸಿ’ 10 ತನಕ. ಪ್ರತಿ ಅಕ್ಷರಕ್ಕೂ ಎರಡು ಪಟ್ಟು. ‘6’ ಸರಾಸರಿ ನೂಕುಬಲ, ನ್ಯೂಟನ್‌ನಲ್ಲಿ. 10ನ್ನು 6ರಿಂದ ಭಾಗಿಸಿ: ಸುಮಾರು 1.7 ಸೆಕೆಂಡ್. ತಳ್ಳುವುದು ಅಷ್ಟೇ ಹೊತ್ತು.

ಆದರೆ ‘ಸರಾಸರಿ’ ಅನ್ನುವುದನ್ನು ಮರೆಯಬೇಡಿ. ಮೊದಲ ಕ್ಷಣದಲ್ಲಿ ಬಲ 14 ನ್ಯೂಟನ್ ಹತ್ತಿರ ಜಿಗಿದು, ಆಮೇಲೆ ಇಳಿದು ಸಮನಾಗಿ ನಿಲ್ಲುತ್ತದೆ. ನಾಝಲ್ ಪಕ್ಕದ ಮದ್ದಿನಲ್ಲಿ ಒಂದು ಕುಳಿ ಮಾಡಿರುತ್ತಾರೆ. ಕುಳಿಯ ಗೋಡೆಯೂ ಉರಿಯುವುದರಿಂದ ಆಗ ಮೇಲ್ಮೈ ಜಾಸ್ತಿ. ಇದು ಸುಮ್ನೆ ಮಾಡಿದ್ದಲ್ಲ. ನಿಂತ ರಾಕೆಟ್‌ನ ರೆಕ್ಕೆಗಳಿಗೆ ಗಾಳಿಯ ಹಿಡಿತ ಇರುವುದಿಲ್ಲ. ಹೊರಡುವಾಗ ಅದನ್ನು ನೇರ ಹಿಡಿದಿಡುವ ಒಂದು ಮೀಟರ್ ಸಲಾಕೆ ಬಿಡುವಷ್ಟರಲ್ಲಿ ಸಾಕಷ್ಟು ವೇಗ ಬರದಿದ್ದರೆ ಅದು ಅಡ್ಡ ವಾಲುತ್ತದೆ.

ಕೊನೆಯ ‘5’ ತಳ್ಳುವುದು ಮುಗಿದ ಮೇಲೆ ಪ್ಯಾರಾಶೂಟ್ ಹೊರಬರುವ ತನಕ ಕಾಯುವ ಸೆಕೆಂಡುಗಳು. ನಿಧಾನವಾಗಿ ಉರಿಯುವ ಆ ಮದ್ದು ಇರುವುದು ಇದಕ್ಕೇ. 100 ಗ್ರಾಂ ರಾಕೆಟ್‌ಗೆ 10 ನ್ಯೂಟನ್-ಸೆಕೆಂಡ್ ಕೊಟ್ಟರೆ ವೇಗ ಸೆಕೆಂಡಿಗೆ 100 ಮೀಟರ್. ಆ 1.7 ಸೆಕೆಂಡಿನಲ್ಲಿ ಭೂಮಿಯ ಸೆಳೆತ 16ರಷ್ಟು ಕಳೆಯುತ್ತದೆ, ಉಳಿದದ್ದು 84. ಗಾಳಿ ಇಲ್ಲದಿದ್ದರೆ ಮದ್ದು ಮುಗಿದ ಮೇಲೂ ಎಂಟೂವರೆ ಸೆಕೆಂಡ್ ಏರಬೇಕು. ಗಾಳಿಯ ತಡೆಯಿಂದ ಅದು ಬಹಳ ಮೊದಲೇ ತುದಿ ಮುಟ್ಟುತ್ತದೆ. ವೇಗ ಸೊನ್ನೆಯಾಗುವ ಆ ಹೊತ್ತಿಗೇ ಪ್ಯಾರಾಶೂಟ್ ಬಿಚ್ಚಬೇಕು. ಮೊದಲೇ ಬಿಚ್ಚಿದರೆ ಗಾಳಿಯ ರಭಸಕ್ಕೆ ಹರಿಯುತ್ತದೆ.

‘ಸಿ6-0’ ಅಂತಲೂ ಇದೆ. ಅದರಲ್ಲಿ ಕಾಯುವ ಮದ್ದೂ ಇಲ್ಲ, ಮುಚ್ಚಳವೂ ಇಲ್ಲ. ಎರಡು ಹಂತದ ರಾಕೆಟ್‌ನಲ್ಲಿ ಅದು ಕೆಳಗೆ ಕೂರುತ್ತದೆ. ಬೆಂಕಿ ಮದ್ದಿನ ತುದಿ ತಲುಪಿದ್ದೇ ತಡ, ಮೇಲಿನ ಮೋಟಾರಿನ ನಾಝಲ್ ಒಳಗೆ ನುಗ್ಗಿ ಅದನ್ನು ಹೊತ್ತಿಸುತ್ತದೆ.