‘ಆನರ್’ಗೆ ಸ್ಪ್ಯಾನಿಷ್‌ನಲ್ಲಿ ‘ಒನೋರ್’ ಅಂದ್ರ ಸಾಕ?

ಪ್ರಶ್ನೆ: ಸ್ಪ್ಯಾನಿಷ್ ಕಲೀಲಿಕ್ಕೆ ಹತ್ತೀನ್ರಿ. ಇಂಗ್ಲಿಷಿನ ‘ಆನರ್’ಗೆ ಡಿಕ್ಷನರಿಯೊಳಗ ಒಮ್ಮೆ ‘ಒನೋರ್’ ಅಂತೈತಿ, ಒಮ್ಮೆ ‘ಓನ್ರ’ ಅಂತೈತಿ. ಯಾವುದು ಖರೇ?
– ಬೆಳಗಾವಿಯ ಓದುಗರು

ಎರಡೂ ಖರೇನ. ಆದರೆ ಒಂದರ ಜಾಗದಲ್ಲಿ ಇನ್ನೊಂದು ಕೂಡುವುದಿಲ್ಲ.

ನಮ್ಮ ಬೆಳಗಾವಿಯ ಸೇನಾ ನೆಲೆ ಕ್ಯಾಂಪಿನಿಂದಲೇ ಶುರು ಮಾಡೋಣ. ಅಲ್ಲಿರುವ ಮರಾಠಾ ಲೈಟ್ ಇನ್‌ಫಂಟ್ರಿಯ ಧ್ಯೇಯವಾಕ್ಯ ‘ಕರ್ತವ್ಯ, ಮಾನ, ಸಾಹಸ’. ನಡುವಿನ ಪದ ಇಂಗ್ಲಿಷಿನಲ್ಲಿ ‘ಆನರ್’. ಸ್ಪೇನಿನ ಪೊಲೀಸ್ ಪಡೆ ಗ್ವಾರ್ದಿಯಾ ಸಿವಿಲ್‌ನದು ‘ಎಲ್ ಒನೋರ್ ಎಸ್ ಮಿ ದಿವೀಸಾ’, ಮಾನವೇ ನನ್ನ ಲಾಂಛನ ಅಂತ. ಸಿಪಾಯಿ ಎದೆಯೊಳಗೆ ಇಟ್ಟುಕೊಂಡು ತಿರುಗುವ ಈ ಮಾನ ‘ಒನೋರ್’. ಯಾರಾದರೂ ಸನ್ಮಾನ ಮಾಡಿದರೆ ಅದೂ ‘ಒನೋರ್’.

‘ಓನ್ರ’ ಅಂದರೆ ನಾಲ್ಕು ಮಂದಿ ಬಾಯಲ್ಲಿರುವ ಹೆಸರು. ‘ಮಾನ ಮೂರಾಬಟ್ಟೆ ಆತು’ ಅಂತೀವಲ್ಲ, ಆಗ ಹೋದದ್ದು ಓನ್ರ. ಹೆಣ್ಣಿನ ಶೀಲಕ್ಕೂ ಹಿಂದೆ ಇದೇ ಪದ. ಮನೆತನದ ಮಾನವನ್ನು ಹೆಣ್ಮಕ್ಕಳ ತಲೆಗೆ ಕಟ್ಟುವ ಚಾಳಿ ಅಲ್ಲಿಯೂ ಇತ್ತು ನೋಡಿ. ಬರೆಯುವಾಗ ಎರಡರ ಮೊದಲಿಗೂ ‘ಎಚ್’ ಇದೆ, ಬಾಯಲ್ಲಿ ಇಲ್ಲ. ‘ಓನ್ರ’ದ ‘ರ’ ಹೇಳುವಾಗ ಮಾತ್ರ ನಾಲಿಗೆಯ ತುದಿ ಗಿರ್ರನೆ ನಡುಗಬೇಕು.

ಬಹಳ ಮಂದಿ ಮುಗ್ಗರಿಸುವುದು ‘ಒನ್ರಾದೊ’ದಲ್ಲಿ. ವೇದಿಕೆಯ ಮೇಲೆ ಶಾಲು ಹೊದಿಸಿ ಪೇಟಾ ತೊಡಿಸಿದಾಗ, ಇಂಗ್ಲಿಷಿನ ‘ಐ ಆಮ್ ಆನರ್ಡ್’ ನೆನಪಿಟ್ಟು ‘ಸೋಯ್ ಒನ್ರಾದೊ’ ಅಂದಿರೋ, ಅದರರ್ಥ ‘ನಾನು ಪ್ರಾಮಾಣಿಕ ಮನುಷ್ಯ’. ಕಳ್ಳ ಅಂತ ಯಾರು ಅಂದಿದ್ದರು? ಸುಮ್ಮನೆ ‘ಎಸ್ ಉನ್ ಒನೋರ್’ ಅನ್ನಿ. ‘ಒನೊರಾರಿಯೋಸ್’ ಕಂಡಾಗಲೂ ಗೌರವಧನ ಅಂದುಕೊಳ್ಳಬೇಡಿ. ಅಂಗನವಾಡಿ ಕಾರ್ಯಕರ್ತೆಯರ ಕೈಗೆ ಬರುವಂಥದ್ದಲ್ಲ ಅದು, ವಕೀಲರು ಎಣಿಸಿ ತಗೊಳ್ಳುವ ಪೂರಾ ಫೀ.

ಕೋರ್ಟಿನ ‘ಯುವರ್ ಆನರ್’ಗೆ ಸ್ಪೇನಿನಲ್ಲಿ ‘ಸೆನ್ಯೊರೀಯಾ’ ಅಂತಾರೆ, ಒನೋರ್ ಅಲ್ಲಿ ಸುಳಿಯುವುದೇ ಇಲ್ಲ.

ಇನ್ನು ಕ್ರಿಯಾಪದ. ಹಿರಿಯರನ್ನು ಗೌರವಿಸುವುದಕ್ಕೆ ‘ಒನ್ರಾರ್’ ನಡೆಯುತ್ತದೆ. ಇಂಗ್ಲಿಷಿನವರು ಕೊಟ್ಟ ಮಾತನ್ನೂ ‘ಆನರ್’ ಮಾಡುತ್ತಾರೆ, ಚೆಕ್ಕನ್ನೂ ‘ಆನರ್’ ಮಾಡುತ್ತಾರೆ. ಸ್ಪ್ಯಾನಿಷಿನಲ್ಲಿ ಮಾತು ಉಳಿಸಿಕೊಳ್ಳುವುದು ‘ಕುಂಪ್ಲೀರ್’. ಚೆಕ್ಕಿಗೆ ‘ಪಗಾರ್’, ಅಂದರೆ ಹಣ ಕೊಡುವುದು. ಈ ಪದವನ್ನು ನೀವು ಉರು ಹೊಡೆಯಬೇಕಿಲ್ಲ: ಪೋರ್ಚುಗೀಸಿನಲ್ಲೂ ಅದು ‘ಪಗಾರ್’, ಅಲ್ಲಿಂದ ಬಂದದ್ದೇ ಒಂದನೇ ತಾರೀಖಿಗೆ ನಾವು ದಾರಿ ಕಾಯುವ ಪಗಾರ.