ಟರ್ಮಿನಲ್ ಪ್ರಾಧಿಕಾರದ್ದು, ರನ್‌ವೇ ಸೇನೆಯದು

2020ರ ಫೆಬ್ರುವರಿಯಲ್ಲಿ ಉಡಾನ್ ಯೋಜನೆಯಡಿ ಬೀದರ್‌ಗೆ ಪ್ರಯಾಣಿಕರ ವಿಮಾನ ಬಂದಿಳಿದಾಗ, ಊರಿಗೆ ಏರ್‌ಪೋರ್ಟ್ ಬಂತೆಂದು ಎಲ್ಲರೂ ಸಂಭ್ರಮಿಸಿದರು. ಕಾನೂನಿನ ಪ್ರಕಾರ ಬಂದದ್ದು ‘ಸಿವಿಲ್ ಎನ್‌ಕ್ಲೇವ್’ ಮಾತ್ರ. ಸಶಸ್ತ್ರ ಪಡೆಗೆ ಸೇರಿದ ನಿಲ್ದಾಣದೊಳಗೆ ಪ್ರಯಾಣಿಕರಿಗೆ, ಅವರ ಲಗೇಜಿಗೆ, ಸರಕಿಗೆಂದು ಬಿಟ್ಟುಕೊಟ್ಟ ಜಾಗ ಎಂಬುದಷ್ಟೇ 1994ರ ವಿಮಾನ ನಿಲ್ದಾಣ ಪ್ರಾಧಿಕಾರ ಕಾಯ್ದೆಯಲ್ಲಿರುವುದು. ರನ್‌ವೇ, ಏಟಿಸಿ (ವಿಮಾನ ಸಂಚಾರ ನಿಯಂತ್ರಣ) ಎರಡೂ ವಾಯುಪಡೆಯ ಕೈಯಲ್ಲೇ ಇವೆ. 2025ರ ಜನವರಿ 1ರಿಂದ ಹಳೆಯ 1934ರ ವಿಮಾನ ಕಾಯ್ದೆಯ ಜಾಗಕ್ಕೆ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ಸೇನಾ ವಿಮಾನಗಳು ಹಿಂದೆಯೂ ಅದರ ವ್ಯಾಪ್ತಿಗೆ ಹೊರಗಿದ್ದವು, ಈಗಲೂ ಅಷ್ಟೆ.

ರನ್‌ವೇ ಸೇನೆಯದಾಗಿರುವುದರ ಬಿಸಿ ಹೆಚ್ಚು ತಟ್ಟುವುದು ವೇಳಾಪಟ್ಟಿಗೆ. ಗೋವಾದ ದಾಬೋಲಿಂ ನೌಕಾಪಡೆಯ ಐಎನ್‌ಎಸ್ ಹಂಸ ನೆಲೆ. ಅಲ್ಲಿ ವಾರದ ದಿನಗಳಲ್ಲಿ ಬೆಳಗಿನ ಕೆಲವು ಗಂಟೆಗಳನ್ನು ಸೇನಾ ತರಬೇತಿಗೆಂದು ಕಾದಿರಿಸುತ್ತ ಬಂದಿದ್ದಾರೆ. ಉಳಿದ ಹೊತ್ತಿನಲ್ಲಿ ವಿಮಾನಗಳು ಒತ್ತೊತ್ತಾಗಿ ಬರುವುದರಿಂದ ಒಂದು ತಡವಾದರೆ ಅದರ ಹಿಂದಿನವೂ ತಡ. ನೋಟಮ್ (ವಿಮಾನ ಸಿಬ್ಬಂದಿಗೆ ಕೊಡುವ ಅಧಿಕೃತ ಸೂಚನೆ) ಓದುವಾಗ ಒಂದು ಎಚ್ಚರ: ಅದರಲ್ಲಿರುವುದು ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯ. 0300–0730 ಮುಚ್ಚಿರುತ್ತದೆ ಎಂದಿದ್ದರೆ ನಮ್ಮ ಗಡಿಯಾರದಲ್ಲಿ ಬೆಳಗ್ಗೆ 8.30ರಿಂದ ಮಧ್ಯಾಹ್ನ 1. ಐದೂವರೆ ಗಂಟೆ ಕೂಡಿಸಲು ಮರೆತವರು ಬಾಗಿಲು ಹಾಕಿದ ಹೊತ್ತಿಗೆ ಸರಿಯಾಗಿ ಹೋಗಿ ನಿಲ್ಲುತ್ತಾರೆ.

ಚಾರ್ಟರ್ ವಿಮಾನದವರ ಪಾಡು ಇನ್ನೂ ಬಿಗಿ. ನೆಲೆಯ ಅನುಮತಿ ಮೊದಲೇ ಕೈಯಲ್ಲಿರಬೇಕು. ಫ್ಲೈಟ್ ಪ್ಲಾನ್‌ಗೆ ಎಡಿಸಿ (ವಾಯು ರಕ್ಷಣಾ ಅನುಮತಿ), ಎಫ್‌ಐಸಿ (ಹಾರಾಟ ಮಾಹಿತಿ ಕೇಂದ್ರ) ನಂಬರ್‌ಗಳು ಬೇಕು. ಸಾಮಾನ್ಯವಾಗಿ ಎಡವುವುದು ವಾಚ್ ಅವರ್ಸ್‌ನಲ್ಲಿ, ಅಂದರೆ ನಿಯಂತ್ರಣ ಗೋಪುರ ಕೆಲಸ ಮಾಡುವ ಅವಧಿಯಲ್ಲಿ. ಯಜಮಾನರ ಸಭೆ ಮುಗಿಯುವುದು ತಡವಾಗುತ್ತದೆ, ವಿಮಾನ ಹೊರಡುವುದೂ ತಡ. ಅಷ್ಟರಲ್ಲಿ ಇಳಿಯಬೇಕಾದ ನೆಲೆಯಲ್ಲಿ ಗೋಪುರದ ಕೆಲಸ ಮುಗಿದಿರುತ್ತದೆ. ವಿಸ್ತರಣೆ ಬೇಕಿದ್ದರೆ ಹೊರಡುವ ಮೊದಲೇ ಕೇಳಬೇಕು, ಗಾಳಿಯಲ್ಲಿದ್ದಾಗ ಅಲ್ಲ.

ಪ್ರಯಾಣಿಕರಿಗೆ ಮುಖ್ಯವಾದದ್ದು ಕ್ಯಾಮೆರಾ. 1937ರ ವಿಮಾನ ನಿಯಮಗಳ 13ನೇ ನಿಯಮ ಅನುಮತಿಯಿಲ್ಲದ ಚಿತ್ರೀಕರಣಕ್ಕೆ ತಡೆ ಹಾಕಿತ್ತು. 2025ರ ಮೇ ತಿಂಗಳಲ್ಲಿ ಡಿಜಿಸಿಎ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸೇನಾ ನೆಲೆಗಳಲ್ಲಿ, ಅದರಲ್ಲೂ ಪಶ್ಚಿಮ ಗಡಿಯ ಕಡೆ, 10,000 ಅಡಿ ದಾಟುವವರೆಗೆ ಕಿಟಕಿಯ ಪರದೆ ಇಳಿಸಿರಬೇಕೆಂದಿತು. ಎಮರ್ಜೆನ್ಸಿ ಎಕ್ಸಿಟ್ ಸಾಲಿಗೆ ಮಾತ್ರ ವಿನಾಯಿತಿ ಕೊಟ್ಟರು. ಅದು ಸರಿಯೇ: ಹೊರಗೆ ಬೆಂಕಿ ಬಿದ್ದಿದೆಯೇ ಎಂದು ನೋಡದೆ ಬಾಗಿಲು ತೆಗೆಯುವಂತಿಲ್ಲ.

ರನ್‌ವೇ ಮೇಲೆ ಸೇನೆಗೆ ಆದ್ಯತೆ ಇರುವುದರಲ್ಲಿ ನನಗೆ ತಕರಾರಿಲ್ಲ. ಆದರೆ ತಿಂಗಳುಗಟ್ಟಲೆ ಮೊದಲೇ ಗೊತ್ತಿರುವ ರನ್‌ವೇ ದುರಸ್ತಿಯನ್ನೂ ಟಿಕೆಟ್ ಮಾರುವಾಗ ವಿಮಾನ ಕಂಪನಿಗಳು ಹೇಳದಿದ್ದರೆ ಅದು ಭದ್ರತೆಯ ವಿಷಯವಲ್ಲ. ಇಂಥ ನೆಲೆಯ ಮೂಲಕ ಹೋಗುವವರು ಮುಂದಿನ ವಿಮಾನವನ್ನೂ ಒಂದೇ ಪಿಎನ್‌ಆರ್‌ನಲ್ಲಿ (ಬುಕಿಂಗ್ ಸಂಖ್ಯೆ) ಬುಕ್ ಮಾಡಿಸುವುದು ವಾಸಿ.